ನಾರು ಕತ್ತರಿಸಿದರೆ ನೋವು ಹೋದೀತೆ?

ಉಂಡ ಸ್ವಲ್ಪ ಹೊತ್ತಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು. ಎಂಡೋಸ್ಕೋಪಿಯಲ್ಲಿ ಏನೂ ಸಿಗಲಿಲ್ಲ. ಸಿಟಿ ಸ್ಕ್ಯಾನ್ ನೋಡಿದವರು ರಕ್ತನಾಳ ಒತ್ತಿಕೊಂಡಿದೆ ಎಂದರಂತೆ. ‘ಕೀಹೋಲ್ ಆಪರೇಷನ್ ಮಾಡಿಸಿಬಿಡಲೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಆ ನಾಳ ಸೀಲಿಯಾಕ್ ಧಮನಿ. ಜಠರ, ಲಿವರ್, ಗುಲ್ಮಗಳಿಗೆ ರಕ್ತ ಒಯ್ಯುವುದು ಇದೇ. ಇದು ಮಹಾಧಮನಿಯಿಂದ ಕವಲೊಡೆಯುವ ಜಾಗದ ನೆತ್ತಿಯ ಮೇಲೆ ವಪೆಯ ಎರಡು ಬುಡಗಳನ್ನು ಬೆಸೆಯುವ ನಾರಿನ ಕಮಾನಿದೆ. ಕೆಲವರಲ್ಲಿ ಕಮಾನು ತುಸು ಕೆಳಗಿಳಿದು, ಉಸಿರು ಬಿಟ್ಟಾಗಲೆಲ್ಲ ಧಮನಿಯನ್ನು ಅದುಮುತ್ತದೆ. ಉಸಿರೆಳೆದುಕೊಂಡರೆ ಬಿಗಿ ಸಡಿಲುತ್ತದೆ. ಎರಡೂ ಸ್ಥಿತಿಯಲ್ಲಿ ನೋಡದೆ ಬರೆದ ಡಾಪ್ಲರ್ ವರದಿಯನ್ನು ನಾನಂತೂ ನಂಬಲಾರೆ.

ಧಮನಿ ಮತ್ತು ಕಮಾನಿನ ಈ ಸಂಬಂಧವನ್ನು ಬೆಂಜಮಿನ್ ಲಿಪ್‌ಶುಟ್ಸ್ 1917ರಲ್ಲೇ ವರ್ಣಿಸಿದ್ದ. ಅದನ್ನು ಕಾಯಿಲೆ ಎಂದು ಗುರುತಿಸಿದವನು ಫಿನ್ಲೆಂಡಿನ ಶಸ್ತ್ರವೈದ್ಯ ಹಾರ್ಯೋಲ, 1963ರಲ್ಲಿ. ಆದರೆ ಹೆಸರು ನಿಂತದ್ದು 1965ರಲ್ಲಿ ಇಂಥ ಹಲವು ರೋಗಿಗಳ ವಿವರ ಪ್ರಕಟಿಸಿದ ಡನ್‌ಬಾರ್‌ನದು: ಡನ್‌ಬಾರ್ ಸಿಂಡ್ರೋಮ್.

ನೋವಿಗೆ ಈ ಒತ್ತುವಿಕೆಯೇ ಕಾರಣವೇ ಎಂಬ ಜಗಳ ಅಂದಿನಿಂದಲೂ ಮುಗಿದಿಲ್ಲ. ತೋಟಕ್ಕೆ ನೀರು ಕಟ್ಟುವವರಿಗೆ ಗೊತ್ತು: ಒಂದು ಕಾಲುವೆಯ ಬಾಯಿಗೆ ಮಣ್ಣು ಕುಸಿದರೂ ಪಕ್ಕದ ಕಾಲುವೆಯಿಂದ ಅಡ್ಡಗಾಲುವೆ ಹಿಡಿದು ನೀರು ಬಂದು ಆ ಸಾಲಿನ ಗಿಡಗಳೂ ಹಸಿರಾಗಿಯೇ ಇರುತ್ತವೆ. ಹೊಟ್ಟೆಯೊಳಗೂ ಹಾಗೆಯೇ. ಸೀಲಿಯಾಕ್‌ನ ಕೆಳಗೇ ಕವಲೊಡೆಯುವ ಸುಪೀರಿಯರ್ ಮೆಸೆಂಟೆರಿಕ್ ಧಮನಿಯ ರಕ್ತ ಮೇದೋಜೀರಕದ ಸುತ್ತಲಿನ ಸಣ್ಣ ನಾಳಗಳನ್ನು ಹಿಗ್ಗಿಸಿಕೊಂಡು ಮೇಲೇರಿ ಬರುತ್ತದೆ. ಕಮಾನು ಒತ್ತಿಯೂ ನೋವೇ ಇಲ್ಲದೆ ಬದುಕುವವರು ಬೇಕಾದಷ್ಟಿರುವುದು ಇದರಿಂದಲೇ. ಹಾಗಿದ್ದರೆ ನೋವು ರಕ್ತದ ಕೊರತೆಯದೋ, ಧಮನಿಯನ್ನು ಸುತ್ತಿದ ನರಗಳ ಗೊಂಚಲು ಅದುಮಿದ್ದರದೋ? ನನ್ನ ಒಲವು ನರಗಳ ಕಡೆಗೆ.

2000ದಲ್ಲಿ ಈ ನಾರನ್ನು ಲ್ಯಾಪರೊಸ್ಕೋಪಿಯಲ್ಲಿ ಕತ್ತರಿಸಿದ ವರದಿ ಬಂತು. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿಸಿ, ಸಣ್ಣ ರಂಧ್ರಗಳಲ್ಲಿ ಕ್ಯಾಮೆರಾ ಮತ್ತು ಉಪಕರಣ ಇಳಿಸುತ್ತಾರೆ. ಗಾಯ ಚಿಕ್ಕದು, ಮನೆಗೆ ಬೇಗ ಹೋಗಬಹುದು, ನಿಜ. ಜಾಹೀರಾತುಗಳು ಅಷ್ಟಕ್ಕೇ ನಿಲ್ಲುತ್ತವೆ. ಕತ್ತರಿ ಆಡುವುದು ಮಹಾಧಮನಿಯ ಮೈಮೇಲೆ. ರಕ್ತ ಚಿಮ್ಮಿದರೆ ತಕ್ಷಣ ಹೊಟ್ಟೆ ತೆರೆಯಬೇಕಾಗಬಹುದು.

ಹೀಗಾಗಿ ಓದುಗರು ಮೊದಲು ವೈದ್ಯರನ್ನು ಕೇಳಬೇಕಾದದ್ದು ಇನ್ನೊಂದು ಪರೀಕ್ಷೆಯ ಬಗ್ಗೆ. ಕೆಲವು ಕೇಂದ್ರಗಳಲ್ಲಿ ಆ ನರಗಳ ಗೊಂಚಲಿಗೆ ಮರವಳಿಕೆಯ ಇಂಜೆಕ್ಷನ್ ಕೊಟ್ಟು, ಆಮೇಲೆ ಊಟ ಮಾಡಿಸಿ ನೋಡುತ್ತಾರೆ. ನೋವು ಆಗಲೂ ಹಾಗೇ ಬಂದರೆ ಆ ಕಮಾನಿನ ಮೇಲಿನ ಅನುಮಾನ ಬಹುಮಟ್ಟಿಗೆ ತೆಳುವಾಗುತ್ತದೆ.