ಕಾಡಂಚಿನ ಊರುಗಳ ಜೀವನವೂ ಹೆಣ್ಣುಮಕ್ಕಳ ವಿದ್ಯೆಯೂ

ಕಾಡನ್ನೂ ಕಾಡಿನ ಪ್ರಾಣಿಗಳನ್ನೂ ಕಾಪಾಡಬೇಕೆಂದು ಪಾಠಶಾಲೆಗಳಲ್ಲಿ ಬೋಧಿಸುವುದು ಈಗ ಎಲ್ಲೆಲ್ಲಿಯೂ ವಾಡಿಕೆಯಾಗಿದೆ. ಪರಿಸರದ ವಿಷಯವನ್ನು ಕಡ್ಡಾಯವಾಗಿ ಕಲಿಸತಕ್ಕದ್ದೆಂದು 1991ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವೇ ವಿಧಿಸಿತು. ಆದರೆ ಈ ಪಾಠವನ್ನು ಪಟ್ಟಣದ ಹುಡುಗಿಯು ಕೇಳುವ ಬಗೆ ಒಂದು, ಕಾಡಂಚಿನ ಹಳ್ಳಿಯ ಹುಡುಗಿಯು ಕೇಳುವ ಬಗೆ ಮತ್ತೊಂದು. ಮೊದಲನೆಯವಳಿಗೆ ಆನೆಯೆಂದರೆ ಚಿತ್ರಪಟದಲ್ಲಿ ಕಂಡು ಸಂತೋಷಪಡುವ ಪ್ರಾಣಿ; ಎರಡನೆಯವಳಿಗೆ ಹಿಂದಿನ ರಾತ್ರಿ ಮನೆಯವರ ರಾಗಿಯನ್ನು ತುಳಿದು ಹೋದ ಪ್ರಾಣಿ. ಈ ಎರಡನೆಯವಳ ಮನೆಯ ಸಂಗತಿಯನ್ನು ಅರಿಯದೆ ಕೊಡುವ ಶಿಕ್ಷಣವು ಬಾಯಿಪಾಠವಾಗಿ ಉಳಿಯುವುದೇ ಹೊರತು ಮನಸ್ಸಿಗೆ ಹತ್ತುವುದಿಲ್ಲ. ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರು ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ಗೃಹಿಣಿಯರಾಗಿಯೂ ಈ ಸೀಮೆಯಲ್ಲಿಯೇ ನೆಲೆಸಿರುವುದರಿಂದ, ಈ ವಿಷಯವನ್ನು ಕೊಂಚ ವಿವರವಾಗಿ ನಿರೂಪಿಸಬಯಸುತ್ತೇನೆ.

ನಾಗರಹೊಳೆಯ ಅರಣ್ಯವು ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆಗಳ ಅಂಚಿನಿಂದ ಕೊಡಗಿನೊಳಕ್ಕೆ ಹಬ್ಬಿಕೊಂಡಿದೆ. 1955ರಲ್ಲಿ ಅದು ಅಭಯಾರಣ್ಯವೆನಿಸಿತು. 1988ರಲ್ಲಿ ಸುಮಾರು 643 ಚದರ ಕಿಲೋಮೀಟರ್ ವಿಸ್ತಾರದ ರಾಷ್ಟ್ರೀಯ ಉದ್ಯಾನವಾಯಿತು. ಅನಂತರ ಹುಲಿಗಳ ರಕ್ಷಿತಾರಣ್ಯವೂ ಆಯಿತು. ಆನೆಗಳನ್ನು ಹಿಡಿದು ಪಳಗಿಸುತ್ತಿದ್ದ ಕಾಕನಕೋಟೆಯ ಖೆಡ್ಡಾ 1971ರಲ್ಲಿ ಕೊನೆಯ ಸಲ ನಡೆಯಿತು. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿಯ ಅಣೆಕಟ್ಟು ಪೂರೈಸಲಾಗಿ, ಊರುಗಳೂ ಕಾಡಿನ ಒಂದು ಭಾಗವೂ ನೀರಿನಲ್ಲಿ ಮುಳುಗಿದವು. ಹೀಗೆ ಒಂದು ತಲೆಮಾರಿನೊಳಗೆ, ಜನರು ನಿತ್ಯವೂ ಹೋಗಿಬರುತ್ತಿದ್ದ ಕಾಡು ಅಪ್ಪಣೆಯಿಲ್ಲದೆ ಕಾಲಿಡಬಾರದ ಸ್ಥಳವಾಯಿತು. ಪ್ರಾಣಿಗಳಿಗೆ ಇದರಿಂದ ಒಳಿತಾಯಿತೆಂಬುದು ನಿಜ. ಆದರೆ ಅದರ ಬೆಲೆಯನ್ನು ತೆತ್ತವರು ಯಾರು ಎಂಬುದನ್ನೂ ವಿಚಾರಿಸಬೇಕಲ್ಲವೆ?

ಮೊದಲು ತೆತ್ತವರು ಕಾಡಿನೊಳಗೆ ಹಾಡಿಗಳಲ್ಲಿ ವಾಸವಾಗಿದ್ದ ಜೇನುಕುರುಬರು, ಬೆಟ್ಟಕುರುಬರು ಮತ್ತು ಯರವರು. ಜೇನು, ಗೆಡ್ಡೆ, ಸೊಪ್ಪು, ಬಿದಿರು ಇವೇ ಅವರ ಜೀವನಕ್ಕೆ ಆಧಾರವಾಗಿದ್ದವು. ಕಾಡಿನಿಂದ ಹೊರಬಂದ ಅನೇಕ ಕುಟುಂಬಗಳು ಕೊಡಗಿನ ಕಾಫಿತೋಟಗಳ ಕೂಲಿಯನ್ನು ಅವಲಂಬಿಸಬೇಕಾಯಿತು. ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ಕೆಲವರಿಗೆ ನೆಲವೂ ಮನೆಯೂ ದೊರೆತವು. ತಾಯಿತಂದೆಗಳು ಕೂಲಿಗಾಗಿ ತೋಟಗಳಿಗೆ ಹೋದಾಗ ಮಕ್ಕಳೂ ಜೊತೆಯಲ್ಲಿಯೇ ಹೋಗುವುದರಿಂದ ಅವರ ಓದು ನಡುವೆಯೇ ಕಡಿಯುತ್ತದೆ. ಅರಣ್ಯವಾಸಿಗಳ ಹಕ್ಕುಗಳನ್ನು ಒಪ್ಪಿಕೊಳ್ಳುವ ಕಾಯಿದೆಯು 2006ರಲ್ಲಿ ಬಂದಿತು. ಅದರ ಮೇರೆಗೆ ಹಕ್ಕನ್ನು ಕೇಳಬೇಕಾದರೆ ಗ್ರಾಮಸಭೆಯ ಮುಂದೆ ಬರವಣಿಗೆಯಲ್ಲಿ ನಿವೇದಿಸಬೇಕು. ಓದುಬರಹ ಬಲ್ಲ ಒಬ್ಬ ಮಗಳು ಮನೆಯಲ್ಲಿದ್ದರೆ ಎಷ್ಟು ನೆರವಾಗುವುದೆಂಬುದು ಇದರಿಂದಲೇ ವಿದಿತವಾಗುತ್ತದೆ.

ಎರಡನೆಯದಾಗಿ ತೆರುವವರು ಕಾಡಂಚಿನ ರೈತರು. ರಾಗಿ, ಭತ್ತ, ಜೋಳ, ಬಾಳೆ, ಕಬ್ಬು ಇವೆಲ್ಲವೂ ಆನೆಗೆ ಪ್ರಿಯವಾದ ಆಹಾರವೇ. ದೊಡ್ಡ ಆನೆಯೊಂದು ದಿನಕ್ಕೆ ನೂರು ಕಿಲೋಗ್ರಾಮಿಗೂ ಮಿಕ್ಕಿ ಮೇವನ್ನು ತಿನ್ನಬಲ್ಲುದಾದ್ದರಿಂದ, ಎರಡು ಎಕರೆಯವನ ಒಂದು ವರ್ಷದ ಅನ್ನವು ಒಂದೇ ರಾತ್ರಿಯಲ್ಲಿ ಹೋಗಿಬಿಡಬಹುದು. ಕೈಗೆ ಬಂದ ತುತ್ತು ಬಾಯಿಗೆ ಬಾರದು. ಕಂದಕ, ಸೋಲಾರ್ ಬೇಲಿ, ರೈಲ್ವೆ ಕಂಬಿಗಳ ಬೇಲಿ ಇವುಗಳನ್ನು ಸರಕಾರವು ಹಾಕಿಸಿದ್ದರೂ, ಮಳೆಯಲ್ಲಿ ಕಂದಕವು ಕುಸಿದ ಕಡೆಯಿಂದಲೋ ತಂತಿಯು ಕಡಿದ ಕಡೆಯಿಂದಲೋ ಆನೆಗಳು ನುಗ್ಗುತ್ತವೆ. ಆದುದರಿಂದ ಸುಗ್ಗಿಯ ಕಾಲದಲ್ಲಿ ಗಂಡಸರು ರಾತ್ರಿಯೆಲ್ಲಾ ಹೊಲದ ಅಟ್ಟಣೆಯ ಮೇಲೆ ಕಾವಲಿರುತ್ತಾರೆ. ಹಗಲಿನ ಕೆಲಸವು ಹೆಂಗಸರ ಮೇಲೆಯೂ, ಹೆಂಗಸರ ಮನೆಗೆಲಸವು ಹಿರಿಯ ಮಗಳ ಮೇಲೆಯೂ ಬೀಳುತ್ತದೆ. ಅವಳು ಶಾಲೆಗೆ ಬಾರದ ದಿನಗಳನ್ನು ಹಾಜರಿ ಪುಸ್ತಕವು ತೋರಿಸುವುದು. ಕಾರಣವನ್ನು ಮಾತ್ರ ತೋರಿಸುವುದಿಲ್ಲ.

ನಮ್ಮ ಸೀಮೆಯ ಹೊಗೆಸೊಪ್ಪಿನ ಬೇಸಾಯಕ್ಕೂ ಕಾಡಿಗೂ ಇರುವ ಸಂಬಂಧವನ್ನು ಇಲ್ಲಿ ಹೇಳಲೇಬೇಕು. ವರ್ಜೀನಿಯಾ ಹೊಗೆಸೊಪ್ಪು ಈ ಮೂರು ತಾಲ್ಲೂಕುಗಳ ಮುಖ್ಯವಾದ ಹಣದ ಬೆಳೆ. ಅದನ್ನು ಆನೆಯು ಸಾಮಾನ್ಯವಾಗಿ ಮೇಯುವುದಿಲ್ಲವೆಂಬುದೂ ರೈತನಿಗೆ ಒಂದು ಅನುಕೂಲವೇ. ಆದರೆ ಹಸಿ ಎಲೆಯನ್ನು ಬ್ಯಾರನ್ನಿನಲ್ಲಿ ಹಲವು ದಿವಸ ಸತತವಾಗಿ ಬೆಂಕಿಯಿಟ್ಟು ಹದಮಾಡಬೇಕು. ಒಣಗಿದ ಸೊಪ್ಪಿನ ತೂಕಕ್ಕಿಂತ ಹಲವು ಪಾಲು ಹೆಚ್ಚಿನ ಸೌದೆ ಇದಕ್ಕೆ ವೆಚ್ಚವಾಗುತ್ತದೆ. ಹೀಗೆ ಆನೆಯ ಕಾಟವಿಲ್ಲದ ಬೆಳೆಯೇ ಮರಗಳಿಗೆ ಕಾಟವಾಗಿ ಪರಿಣಮಿಸುತ್ತದೆ. ರೈತನನ್ನು ದೂರಿ ಪ್ರಯೋಜನವಿಲ್ಲ; ಸಾಲವನ್ನು ತೀರಿಸಿ ಮಗಳ ಫೀಜು ಕಟ್ಟಬಲ್ಲ ಮತ್ತೊಂದು ಬೆಳೆಯನ್ನು ತೋರಿಸದೆ, ಇದನ್ನು ಬಿಡು ಎಂದರೆ ಅವನು ಹೇಗೆ ಬಿಟ್ಟಾನು?

ಇಂಥ ಊರುಗಳಿಗೆ ತಕ್ಕ ಪಾಠವು ಹೇಗಿರಬೇಕು? ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಎಂಬ ಸಂಸ್ಥೆಯು 2018ರಲ್ಲಿ ‘ವೈಲ್ಡ್ ಶಾಲೆ’ ಎಂಬ ಕಾರ್ಯವನ್ನು ಆರಂಭಿಸಿ, ಅರಣ್ಯಗಳ ಸಮೀಪದ ಹಳ್ಳಿಶಾಲೆಗಳಲ್ಲಿ ಹತ್ತರಿಂದ ಹದಿಮೂರು ವರ್ಷದ ಮಕ್ಕಳಿಗೆ ಆಟ, ಕಥೆ, ಚಿತ್ರಗಳ ಮೂಲಕ ಪ್ರಾಣಿಗಳ ವಿಷಯವನ್ನೂ, ಅವುಗಳ ಎದುರಿನಲ್ಲಿ ಜಾಗರೂಕತೆಯಿಂದಿರುವ ಬಗೆಯನ್ನೂ ಕಲಿಸುತ್ತ ಬಂದಿದೆ. ಮಕ್ಕಳ ಅನುಭವದಿಂದಲೇ ಪಾಠವನ್ನು ತೊಡಗುವುದು ಒಳ್ಳೆಯ ಪದ್ಧತಿ. ಆನೆಯು ಮುಂಜಾವದಲ್ಲಿಯೂ ಮುಸ್ಸಂಜೆಯಲ್ಲಿಯೂ ಹೆಚ್ಚಾಗಿ ಸಂಚರಿಸುವುದು. ಆದುದರಿಂದ ಆ ಹೊತ್ತಿನಲ್ಲಿ ಒಂಟಿಯಾಗಿ ಸೌದೆಗೆ ಹೋಗಕೂಡದು, ಶಾಲೆಗೆ ಗುಂಪಾಗಿ ಬರತಕ್ಕದ್ದು. ಇದು ಮೊದಲನೆಯ ಪಾಠ. ಬ್ರಹ್ಮಗಿರಿಯ ಕಾಡಿನಲ್ಲಿ ಹುಟ್ಟುವ ಲಕ್ಷ್ಮಣತೀರ್ಥವೇ ಹುಣಸೂರಿನ ಮಗ್ಗುಲಲ್ಲಿ ಹರಿದು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುವುದು, ಕಾಡು ಕೆಟ್ಟರೆ ಹೊಳೆಯೂ ಕೆಡುವುದು, ಇದು ಎರಡನೆಯದು. ಲಂಟಾನದಂಥ ಹೊರನಾಡಿನ ಗಿಡಗಳು ಹಬ್ಬಿ ಹುಲ್ಲನ್ನು ಅಡಗಿಸಿರುವುದರಿಂದ ಪ್ರಾಣಿಗಳ ಮೇವು ಕಡಿಮೆಯಾಗಿದೆ, ಇದು ಮೂರನೆಯದು.

ಜೀವನೋಪಾಯವನ್ನೂ ಕಾಡಿನ ರಕ್ಷಣೆಯನ್ನೂ ಒಟ್ಟಿಗೆ ನಡೆಯಿಸಬಹುದೆಂಬುದಕ್ಕೆ ಜೇನುಸಾಕಣೆಯು ಒಂದು ನಿದರ್ಶನ. ಆನೆಗಳು ಜೇನುಹುಳುಗಳ ಸದ್ದಿಗೆ ಅಂಜಿ ಹಿಮ್ಮೆಟ್ಟುವುದನ್ನು ಆಫ್ರಿಕಾದ ಕೆನ್ಯಾ ದೇಶದಲ್ಲಿ ಪರೀಕ್ಷಿಸಿ, ಹೊಲದ ಸುತ್ತಲೂ ಜೇನುಪೆಟ್ಟಿಗೆಗಳ ಬೇಲಿಯನ್ನು ಕಟ್ಟಿದರು. ಅದೇ ಉಪಾಯವನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2021ರ ಮಾರ್ಚ್‌ನಲ್ಲಿ ನಾಗರಹೊಳೆಯ ಅಂಚಿನ ಕೊಡಗಿನ ಊರುಗಳಲ್ಲಿ ಪ್ರಯೋಗಿಸತೊಡಗಿತು. ಎಲ್ಲ ಆನೆಗಳೂ ಎಲ್ಲ ಕಾಲದಲ್ಲಿಯೂ ಇದರಿಂದ ತಡೆಯಲ್ಪಡುವುವೆಂದು ಹೇಳಲಾಗದು. ಆದರೆ ಮನೆಯ ಹೆಂಗಸರೇ ನೋಡಿಕೊಳ್ಳಬಹುದಾದ ಈ ಕೆಲಸದಿಂದ ಜೇನುತುಪ್ಪವಂತೂ ಕೈಗೆ ಬರುವುದು, ಪೈರಿನ ಫಸಲೂ ಹೆಚ್ಚುವುದು.

ಕಡೆಯದಾಗಿ, ನಮ್ಮ ಹುಡುಗಿಯರು ಇಂದೇ ಮಾಡಬಲ್ಲ ಒಂದು ಕಾರ್ಯವನ್ನು ಸೂಚಿಸುತ್ತೇನೆ. ಬೆಳೆಯು ನಾಶವಾದರೆ, ದನವನ್ನು ಹುಲಿಯೋ ಚಿರತೆಯೋ ಕೊಂದರೆ, ಸರಕಾರದಿಂದ ಪರಿಹಾರಧನವುಂಟು. ಕೂಡಲೇ ವಲಯ ಅರಣ್ಯಾಧಿಕಾರಿಯ ಕಛೇರಿಗೆ ತಿಳಿಸಬೇಕು, ಸಿಬ್ಬಂದಿಯು ಬಂದು ನೋಡುವವರೆಗೆ ಸತ್ತ ದನವನ್ನು ಸ್ಥಳದಿಂದ ಕದಲಿಸಬಾರದು, ಭಾವಚಿತ್ರಗಳನ್ನು ತೆಗೆದಿಡಬೇಕು, ಪಹಣಿ, ಬ್ಯಾಂಕಿನ ಪುಸ್ತಕ ಮುಂತಾದ ಕಾಗದಗಳನ್ನು ಅರ್ಜಿಯೊಡನೆ ಒಪ್ಪಿಸಬೇಕು. ಈ ಕ್ರಮವನ್ನರಿಯದೆ ಸುಮ್ಮನಾಗುವ ಬಡವರು ಬಹಳ ಮಂದಿ. ಮೇಲೆ ಹೇಳಿದ ಸಂಸ್ಥೆಯವರೇ 2015ರಲ್ಲಿ ‘ವೈಲ್ಡ್ ಸೇವೆ’ ಎಂಬ ಏರ್ಪಾಡನ್ನು ಆರಂಭಿಸಿ, ಬಂಡೀಪುರ ಮತ್ತು ನಾಗರಹೊಳೆಯ ಸುತ್ತಲಿನ ಹಳ್ಳಿಗಳಲ್ಲಿ ಇಂಥ ಅರ್ಜಿಗಳಿಗೆ ನೆರವಾಗುತ್ತ ಬಂದಿದ್ದಾರೆ. ಪರಿಹಾರವು ಸಕಾಲಕ್ಕೆ ದೊರೆತ ಮನೆಯಲ್ಲಿ, ಸತ್ತ ದನಕ್ಕೆ ವಿಷವನ್ನು ಸವರಿ ಹುಲಿಯ ಮೇಲೆ ಸೇಡು ತೀರಿಸಿಕೊಳ್ಳುವ ಯೋಚನೆಯು ಸುಲಭವಾಗಿ ಹುಟ್ಟದು. ಆದುದರಿಂದ ನೆರೆಯವರಿಗಾಗಿ ಚೊಕ್ಕವಾಗಿ ಬರೆದ ಒಂದು ಅರ್ಜಿಯು ಒಂದು ಸಂಸಾರವನ್ನೂ ಒಂದು ಹುಲಿಯನ್ನೂ ಏಕಕಾಲದಲ್ಲಿ ಉಳಿಸಬಹುದು.

ಪ್ರಿಯ ಪೋಷಕರೇ, ಸುಗ್ಗಿಯ ಕಾಲದಲ್ಲಿ ಮಗಳನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳಬೇಕಾಗುವ ನಿಮ್ಮ ಕಷ್ಟವನ್ನು ನಾವು ಬಲ್ಲೆವು. ಅಂಥ ಸಮಯದಲ್ಲಿ ಶಾಲೆಗೆ ಒಂದು ಮಾತು ತಿಳಿಸಿರಿ. ತಪ್ಪಿದ ಪಾಠಗಳನ್ನು ತುಂಬಿಕೊಡುವ ಭಾರವು ನಮ್ಮದು. ಪೂರ್ವವಿದ್ಯಾರ್ಥಿನಿಯರೇ, ನೀವಿರುವ ಊರಿನಲ್ಲಿ ಯಾವ ಹುಡುಗಿಯು ಆನೆಯ ಭಯದಿಂದಲೋ ಕಾವಲಿನ ದೆಸೆಯಿಂದಲೋ ಓದನ್ನು ಬಿಟ್ಟಿರುವಳೆಂಬುದನ್ನು ವಿಚಾರಿಸಿ ಅವಳನ್ನು ಮರಳಿ ಶಾಲೆಗೆ ಕರೆತನ್ನಿರಿ. ಕಾಡಿನ ಮೇಲಣ ಪ್ರೀತಿಯನ್ನು ಅವಳಿಗೆ ಕಲಿಸುವ ಮೊದಲು, ಅವಳ ಮನೆಯ ಮೇಲೆ ನಮಗೆ ಪ್ರೀತಿಯುಂಟೆಂಬುದು ಅವಳಿಗೆ ತಿಳಿಯಲಿ.