ಹಸಿ ಕಸ, ಒಣ ಕಸ ಮತ್ತು ನಮ್ಮ ಸೊಸೈಟಿಯ ಸಭೆ

ಪುಣೆಗೆ ಬಂದು ಮನೆ ಮಾಡಿದ ಕನ್ನಡಿಗರಿಗೆ ಮೊದಲು ಕಿವಿಗೆ ಬೀಳುವ ಪದಗಳಲ್ಲಿ ‘ಸೊಸೈಟಿ’ ಒಂದು. ಬೆಂಗಳೂರಿನಲ್ಲಿ ನಾವು ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಅನ್ನುತ್ತೇವೆ. ಇಲ್ಲಿ ಸಾಮಾನ್ಯವಾಗಿ ಅದು ಮಹಾರಾಷ್ಟ್ರ ಸಹಕಾರ ಸಂಘಗಳ 1960ರ ಕಾಯ್ದೆಯಡಿ ನೋಂದಾಯಿಸಿದ ಸಂಘ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ನಡಾವಳಿ ಪುಸ್ತಕ ಎಲ್ಲವೂ ಉಂಟು. ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಾಮಾನ್ಯ ಸಭೆ ನಡೆಸಬೇಕು. ಪಾರ್ಕಿಂಗ್, ಲಿಫ್ಟ್, ನೀರಿನ ಟ್ಯಾಂಕರ್, ಗಣಪತಿ ವಂತಿಗೆ, ಬೀದಿನಾಯಿ, ಹೀಗೆ ಬದುಕಿನ ಎಲ್ಲ ತಂಟೆಗಳೂ ಅಲ್ಲಿಗೆ ಬರುತ್ತವೆ. ಕಳೆದ ಸಭೆಯಲ್ಲಿ ನಮ್ಮ 84 ಮನೆಗಳ ಮುಂದೆ ಬಂದದ್ದು ಕಸ.

ಪ್ರಸ್ತಾಪ ಸರಳವಾಗಿತ್ತು. ಒಬ್ಬ ಗುತ್ತಿಗೆದಾರ ದಿನಾ ಟೆಂಪೋ ತರುತ್ತಾನೆ. ಹಸಿ, ಒಣ ಎಂದು ಬೇರೆ ಮಾಡುವ ಗೊಡವೆ ಇಲ್ಲ, ಎಲ್ಲ ಒಂದೇ ಡಬ್ಬಿಗೆ ಸುರಿದರಾಯಿತು. ಮನೆಗೆ ತಿಂಗಳಿಗೆ ಮೂವತ್ತು ರೂಪಾಯಿ ಉಳಿತಾಯ ಬೇರೆ. ಹಿಂದಿನ ಮೂಲೆಯ ಗೊಬ್ಬರದ ತೊಟ್ಟಿ ಮಳೆಗಾಲದಲ್ಲಿ ನಾರುತ್ತದೆ, ಅದನ್ನೂ ಮುಚ್ಚಿಬಿಡೋಣ ಎಂದರು. ನಾರುತ್ತಿದ್ದದ್ದು ಸುಳ್ಳಲ್ಲ. ನೆಲಮಹಡಿಯವರು ಜುಲೈ ಪೂರ್ತಿ ಕಿಟಕಿ ತೆರೆದಿರಲಿಲ್ಲ. ಹಾಗಾಗಿ ಆ ಪ್ರಸ್ತಾಪಕ್ಕೆ ಕೈ ಎತ್ತುವವರು ಸಾಕಷ್ಟಿದ್ದರು.

ಅದರಲ್ಲಿ ಹೇಳದೆ ಉಳಿದದ್ದು ಇಬ್ಬರು ಹೆಂಗಸರ ವಿಷಯ. ಪುಣೆಯಲ್ಲಿ ಮನೆ ಮನೆಯ ಕಸ ಎತ್ತುವ ದೊಡ್ಡ ಪಾಲಿನ ಕೆಲಸ ಮಾಡುವುದು ‘ಸ್ವಚ್ಛ್’ ಎಂಬ ಸಹಕಾರ ಸಂಸ್ಥೆ. ಅದರ ಒಡೆಯರು ಕಸ ಆಯುವವರೇ. ಇದರ ಬೇರು 1993ರಲ್ಲಿ ಹುಟ್ಟಿದ ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಕಾರ್ಮಿಕ ಸಂಘಟನೆಯಲ್ಲಿದೆ. ಕಾಗದ, ಗಾಜು, ತಗಡು ಆಯ್ದು ಬದುಕುವವರ ಸಂಘ ಎಂದು ಆ ಹೆಸರೇ ಹೇಳುತ್ತದೆ. 2008ರಲ್ಲಿ ಮಹಾನಗರಪಾಲಿಕೆ ‘ಸ್ವಚ್ಛ್’ ಜೊತೆ ಒಪ್ಪಂದ ಮಾಡಿಕೊಂಡಿತು. ಮನೆಯವರು ತಿಂಗಳ ಶುಲ್ಕ ಕೊಡುತ್ತಾರೆ, ಒಣ ಕಸ ಮಾರಿ ಬಂದ ಹಣ ಆಯುವವರಿಗೇ ಸೇರುತ್ತದೆ.

ನಮ್ಮಲ್ಲಿಗೆ ಬರುವ ಇಬ್ಬರಲ್ಲಿ ಒಬ್ಬರು ಅಕ್ಕಲಕೋಟೆ ಕಡೆಯವರು. ಆ ತಾಲ್ಲೂಕು ಮಹಾರಾಷ್ಟ್ರದಲ್ಲಿದ್ದರೂ ಅಲ್ಲಿನ ಎಷ್ಟೋ ಮನೆಗಳ ಮಾತು ಕನ್ನಡ. ಕಸ ಕೂಡಿಸಿ ಕೊಟ್ಟರೆ ನಿಮಗೇನಾಗುತ್ತದೆ ಅಕ್ಕಾ ಎಂದು ಕೇಳಿದೆ. “ಹಸಿ ಬಿದ್ದ ರದ್ದಿ ಯಾರು ತಗೋತಾರ್ರಿ ಅಣ್ಣಾರ? ಕೂಡಿಸಿ ಕೊಟ್ರ ನಮಗೇನೂ ಉಳಿಯೂದಿಲ್ಲ. ಮ್ಯಾಲ ಕೈಗೆ ಗಾಜ ಚುಚ್ಚತಾವ,” ಎಂದರು. ಪ್ರಶ್ನೆಯ ಅರ್ಧ ಲೆಕ್ಕ ಆ ಮಾತಿನಲ್ಲೇ ಇತ್ತು. ನಿನ್ನೆಯ ಸಾರು ಚೆಲ್ಲಿದ ಪತ್ರಿಕೆಗೆ ಗುಜರಿಯಲ್ಲಿ ಬೆಲೆ ಇಲ್ಲ. ಗುತ್ತಿಗೆದಾರನ ಟೆಂಪೋ ಬಂದರಂತೂ ಅವರಿಗೆ ನಮ್ಮ ಕಟ್ಟಡದ ಕೆಲಸವೇ ಇಲ್ಲ.

ಉಳಿದರ್ಧ ಲೆಕ್ಕ ಕಸ ಎಲ್ಲಿಗೆ ಹೋಗುತ್ತದೆ ಎಂಬುದು. ಪುಣೆಯ ಕಸ ವರ್ಷಗಟ್ಟಲೆ ಊರಾಚೆಯ ಉರುಳಿ ದೇವಾಚಿ ಮತ್ತು ಫುರಸುಂಗಿ ಹಳ್ಳಿಗಳ ಬಳಿ ರಾಶಿ ಬಿತ್ತು. ಅಲ್ಲಿಯವರು ಮತ್ತೆ ಮತ್ತೆ ಲಾರಿಗಳನ್ನು ತಡೆದು ಪ್ರತಿಭಟಿಸಿದರು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ಬೀದಿ ಬೀದಿಯಲ್ಲಿ ಕಸ ಕೊಳೆತದ್ದು, ಆಮೇಲೆ ಮಂಡೂರಿನ ಜನ ಬೀದಿಗಿಳಿದದ್ದು ನೆನಪಿದೆಯಲ್ಲ. ಊರು ಬೇರೆ, ಕಥೆ ಒಂದೇ. ಅದಕ್ಕೇ 2016ರ ಘನತ್ಯಾಜ್ಯ ನಿರ್ವಹಣೆ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂದು ಮೂರು ಭಾಗ ಮಾಡಿ ಕೊಡುವುದನ್ನು ಮನೆಯವರ ಹೊಣೆ ಮಾಡಿದವು. 5000 ಚದರ ಮೀಟರಿಗಿಂತ ದೊಡ್ಡ ವಸತಿ ಸಮುಚ್ಚಯಗಳು ಸಾಧ್ಯವಾದಷ್ಟು ಹಸಿ ಕಸವನ್ನು ತಮ್ಮ ಆವರಣದಲ್ಲೇ ಗೊಬ್ಬರ ಮಾಡಬೇಕೆಂದೂ ಹೇಳಿದವು. ನಾವು ಮಾಡಲು ಹೊರಟಿದ್ದದ್ದು ಸರಿಯಾಗಿ ಇದರ ಉಲ್ಟಾ.

ಸಭೆ ನಡೆಯುವುದು ಮರಾಠಿಯಲ್ಲಿ. ನನ್ನ ಮರಾಠಿ ತರಕಾರಿ ಅಂಗಡಿಗೆ ಸಾಕು, ಸಭೆಗೆ ಸಾಲದು. ಕನ್ನಡದಲ್ಲಿ ವಸ್ತುಗಳೆಲ್ಲ ನಪುಂಸಕಲಿಂಗ. ಮರಾಠಿಯಲ್ಲಿ ಕಸ ಗಂಡು, ಕಸದ ಬುಟ್ಟಿ ಹೆಣ್ಣು. ಎದ್ದು ನಿಂತು ಎರಡನ್ನೂ ಅದಲುಬದಲು ಮಾಡಿದಾಗ ಮೂರನೇ ಮಹಡಿಯ ಕಾಕಾ ನಕ್ಕರು. ಆದರೂ “ಬೋಲಾ, ಬೋಲಾ” ಎಂದು ಹುರಿದುಂಬಿಸಿದವರೂ ಅವರೇ. ವಿರೋಧ ಮಾತಿಗಷ್ಟೇ ಇರಬಾರದೆಂದು ಸಭೆಗೆ ಮೊದಲೇ ನಾವು ನಾಲ್ಕು ಮನೆಯವರು, ಲಗೇಜ್ ತೂಗುವ ಕೈ ತಕ್ಕಡಿ ಹಿಡಿದು ಏಳು ದಿನ ಕಸ ತೂಗಿದ್ದೆವು. ಅರ್ಧಕ್ಕಿಂತ ಹೆಚ್ಚು ಹಸಿ ಕಸವೇ. ನಾನು ಸಾಫ್ಟ್‌ವೇರಿನವನಲ್ಲವೇ, ಎಕ್ಸೆಲ್ ಹಾಳೆ ಮಾಡಿ ಗೋಡೆಗೆ ಪ್ರೊಜೆಕ್ಟರ್ ಬಿಟ್ಟೆ. ಇಷ್ಟು ತೂಕ ದಿನಾ ನಮ್ಮ ಕಾಂಪೌಂಡ್ ದಾಟಬೇಕಿಲ್ಲ ಎಂದು ತೋರಿಸಿದೆ.

ನಾತದ ಪ್ರಶ್ನೆಗೆ ಉತ್ತರ ಕೊಟ್ಟವರು ಕೃಷಿ ಇಲಾಖೆಯಿಂದ ನಿವೃತ್ತರಾದ ಒಬ್ಬ ಆಜಿ. ಗೊಬ್ಬರ ನಾರುವುದು ಅದರಲ್ಲಿ ನೀರು ಹೆಚ್ಚಾಗಿ ಗಾಳಿ ಕಡಿಮೆಯಾದಾಗ. ಹಸಿ ಕಸದ ಪ್ರತಿ ಪದರಕ್ಕೂ ಒಣ ಎಲೆ ಹಾಕಬೇಕು, ವಾರಕ್ಕೆರಡು ಸಲ ತಿರುವಬೇಕು, ಮೇಲೆ ಮಳೆ ಬೀಳದಂತೆ ಶೀಟ್ ಹೊದಿಸಬೇಕು. ಸರಿಯಾಗಿ ಬಿದ್ದರೆ ರಾಶಿ ಒಳಗೇ 55 ಡಿಗ್ರಿ ದಾಟಿ ಕಾಯುತ್ತದೆ, ಹುಳ ನಿಲ್ಲುವುದಿಲ್ಲ. ನಮ್ಮ ಅಜ್ಜನ ಮನೆ ತಿಪ್ಪೆಯ ಮೇಲೆ ಬೆಳಗಿನ ಜಾವ ಹಬೆಯಾಡುತ್ತಿದ್ದದ್ದೂ ಇದೇ ಕಾರಣಕ್ಕೆ. ಗೊಬ್ಬರ ಘಟಕ ನಡೆಸುವವರಿಗೆ ಪಾಲಿಕೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆ ಎಂದು ಖಜಾಂಚಿ ನೆನಪಿಸಿದಾಗ ಮೂವತ್ತು ರೂಪಾಯಿಯ ತೂಕ ಸ್ವಲ್ಪ ಇಳಿಯಿತು.

ಕೊನೆಗೆ ಕೈ ಎಣಿಸಿದರು. ಗುತ್ತಿಗೆ ಬೇಡ ಎಂದವರು 38, ಬೇಕು ಎಂದವರು 31. ಆರು ತಿಂಗಳು ನೋಡೋಣ, ನಾತ ನಿಲ್ಲದಿದ್ದರೆ ಮತ್ತೆ ಚರ್ಚೆ ಎಂದು ನಡಾವಳಿಯಲ್ಲಿ ಬರೆದರು.

ಆಮೇಲಿನ ಕೆಲಸ ಸಭೆಗಿಂತ ಕಷ್ಟದ್ದು. ನಮ್ಮ ಕಟ್ಟಡದಲ್ಲಿ ಹನ್ನೊಂದು ಕನ್ನಡ ಮನೆಗಳಿವೆ. ಯುಗಾದಿ ಶುಭಾಶಯಕ್ಕೂ ರಾಜ್ಯೋತ್ಸವದ ಫೋಟೋಗೂ ಇದ್ದ ವಾಟ್ಸಾಪ್ ಗುಂಪು ಈಗ ತೊಟ್ಟಿ ತಿರುವುವ ಪಾಳಿಯನ್ನೂ ನೋಡುತ್ತದೆ. ಫೆಬ್ರುವರಿ, ಮಾರ್ಚಿನಲ್ಲಿ ಉದುರುವ ಎಲೆಗಳನ್ನು ಮೊದಲು ಸುಡುತ್ತಿದ್ದರು, ಈಗ ಚೀಲಕ್ಕೆ ತುಂಬಿ ಮಳೆಗಾಲಕ್ಕೆ ಇಡುತ್ತೇವೆ. ಸುಮಾರು ಎಪ್ಪತ್ತು ಮನೆಗಳು ಸರಿಯಾಗಿ ಬೇರ್ಪಡಿಸುತ್ತಿವೆ. ಉಳಿದವು ಹೆಚ್ಚಾಗಿ ಬಾಡಿಗೆಯ ಹುಡುಗರು ಇರುವ ಫ್ಲ್ಯಾಟುಗಳು. ಆರು ತಿಂಗಳಿಗೆ ಒಂದು ಗುಂಪು ಹೋಗಿ ಇನ್ನೊಂದು ಬರುತ್ತದೆ, ಪಾಠ ಮತ್ತೆ ‘ಅ’ದಿಂದ ಶುರು. ಅವರ ಬಾಗಿಲು ತಟ್ಟುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಿಂಜವಡಿಯ ಕಂಪನಿಗಳ ಕಥೆ ಮಾತಾಡುತ್ತಾ ಬಕೆಟ್ ವಿಷಯಕ್ಕೆ ಬರುತ್ತೇನೆ.

ಆದರೆ ಗೆದ್ದೆವು ಎನ್ನುವಂತಿಲ್ಲ. ಕಳೆದ ಮಳೆಯಲ್ಲಿ ಎರಡು ವಾರ ಎಲೆ ಸಾಲದೆ ಮತ್ತೆ ನಾರಿತು. ನೆಲಮಹಡಿಯವರ ದೂರು ದಾಖಲಾಗಿದೆ, ಈ ಸೆಪ್ಟೆಂಬರಿನ ಸಭೆಗೆ ಗುತ್ತಿಗೆಯ ಪ್ರಸ್ತಾಪ ಮತ್ತೆ ಬರಲಿದೆ. ಎಲೆ ಕೂಡಿಡಲು ಇನ್ನೊಂದು ತೊಟ್ಟಿ ಕಟ್ಟಿಸುವ ಖರ್ಚಿನ ಪಟ್ಟಿ ಹಿಡಿದು ನಾವೂ ಹೋಗುತ್ತೇವೆ.

ಮುಂಬೈ, ಹೈದರಾಬಾದ್, ಚೆನ್ನೈ, ದೆಹಲಿಯಲ್ಲಿರುವ ಓದುಗರಲ್ಲಿ ಒಂದು ಮಾತು. ಭಾಷೆ ಬರುವುದಿಲ್ಲ, ಬಾಡಿಗೆ ಮನೆ, ನಮಗ್ಯಾಕೆ ಎಂದು ಎಷ್ಟೋ ಜನ ಸಭೆಗೆ ಹೋಗುವುದಿಲ್ಲ. ಮಾಲೀಕರಾಗಿದ್ದರೆ ಸಭೆಗೆ ಹೋಗಿ, ತಪ್ಪುತಪ್ಪಾಗಿಯಾದರೂ ಮಾತಾಡಿ. ಬಾಡಿಗೆಯಲ್ಲಿದ್ದರೆ ಇಷ್ಟು ಮಾಡಬಹುದು: ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಿ. ಡಯಾಪರ್, ಪ್ಯಾಡ್‌ಗಳನ್ನು ಪತ್ರಿಕೆಯಲ್ಲಿ ಸುತ್ತಿ ಮೇಲೊಂದು ಕೆಂಪು ಗುರುತು ಹಾಕಿ. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿಡಿ. ನಿಮ್ಮ ಬಾಗಿಲಿಗೆ ಬರುವ ಅಕ್ಕನ ಊರು ಯಾವುದೆಂದು ಒಮ್ಮೆ ಕೇಳಿ ನೋಡಿ, ಉತ್ತರ ಕನ್ನಡದಲ್ಲೇ ಬಂದರೂ ಬರಬಹುದು.