ಕೋಲಾಹಲದೊಳಗಿನ ಎಣಿಕೆ

ಶಾಸನಗಳಿಂದ ಪ್ರಸಿದ್ಧವಾದ ಚೊಕ್ಕನಾಥಸ್ವಾಮಿ ದೇವಾಲಯವಿರುವ ಬೆಂಗಳೂರಿನ ದೊಮ್ಮಲೂರಿಗೂ, ಕಿವಿಗೆ ಕಾದ ಸೀಸ ಹೊಯ್ದಂತೆ ಕೇಳಿಬರುವ ಮ್ಯಾತ್‌ಕೋರ್ ಎಂಬ ಮೆಟಲ್ ಸಂಗೀತಕ್ಕೂ ಏನು ಸಂಬಂಧವೆಂದು ಹಿರಿಯರು ಕೇಳಿಯಾರು. ಸಂಬಂಧವುಂಟು. 1998ರಲ್ಲಿ ‘ಕ್ರಿಪ್ಟೋಸ್’ ಎಂಬ ಮೆಟಲ್ ತಂಡವನ್ನು ಹುಟ್ಟಿಸಿದ, 2007ರಲ್ಲಿ ಐರನ್ ಮೇಡನ್ ತಂಡವನ್ನೂ 2011ರಲ್ಲಿ ಮೆಟಾಲಿಕಾ ತಂಡವನ್ನೂ ಅರಮನೆ ಮೈದಾನಕ್ಕೆ ಬರಮಾಡಿಕೊಂಡ ಈ ನಗರದಲ್ಲಿ, ದಂಡುಪ್ರದೇಶವೂ ಅದರ ಪೂರ್ವದ ಬಡಾವಣೆಗಳೂ ಗಿಟಾರಿನ ಗರ್ಜನೆಗೆ ಬಹುಕಾಲದಿಂದ ಒಗ್ಗಿಕೊಂಡಿವೆ. ದೊಮ್ಮಲೂರಿನಿಂದ ಕೂಗಳತೆಯಲ್ಲವಾದರೂ ನಡಿಗೆಯಳತೆಯಲ್ಲಿದ್ದ ಇಂದಿರಾನಗರದ ‘ದಿ ಹಮ್ಮಿಂಗ್ ಟ್ರೀ’ 2019ರಲ್ಲಿ ಬಾಗಿಲು ಮುಚ್ಚುವವರೆಗೆ ತರುಣ ವಾದ್ಯತಂಡಗಳಿಗೆ ವೇದಿಕೆಯಾಗಿತ್ತು. ಜಟಿಲವಾದ ಲಯವನ್ನೇ ಆಶ್ರಯಿಸಿದ ಬೆಂಗಳೂರಿನ ‘ಎಕ್ಸೆಂಟ್ರಿಕ್ ಪೆಂಡ್ಯುಲಮ್’ ತಂಡವು 2011ರಲ್ಲಿ ‘ವೈಂಡಿಂಗ್ ದಿ ಆಪ್ಟಿಕ್ಸ್’ ಎಂಬ ಆಲ್ಬಮ್ಮನ್ನು ಹೊರತಂದು, ಅದೇ ವರ್ಷ ಜರ್ಮನಿಯ ವಾಕನ್ ಉತ್ಸವದಲ್ಲಿಯೂ ನುಡಿಸಿತು.

ಇಂತಹ ಸಂಗೀತದ ಹೊಸ ಆಲ್ಬಮ್ಮೊಂದು ಕೈಸೇರಿದಾಗ ಅದನ್ನು ಯಾವ ಒರೆಗಲ್ಲಿಗೆ ಹಚ್ಚಬೇಕು? ಬಲ್ಲವರು ಬಹುಮಟ್ಟಿಗೆ ತೋರಿಸುವುದು ಅಮೆರಿಕದ ನ್ಯೂಜೆರ್ಸಿಯ ‘ದಿ ಡಿಲಿಂಜರ್ ಎಸ್ಕೇಪ್ ಪ್ಲಾನ್’ ತಂಡದ 1999ರ ‘ಕ್ಯಾಲ್ಕ್ಯುಲೇಟಿಂಗ್ ಇನ್‌ಫಿನಿಟಿ’ಯನ್ನು. ಹನ್ನೊಂದು ಖಂಡಗಳು, ಒಟ್ಟು ಅವಧಿ ನಲವತ್ತು ನಿಮಿಷವನ್ನೂ ಮುಟ್ಟುವುದಿಲ್ಲ. ಗಿಟಾರು ಕ್ಷಣಮಾತ್ರ ಅಬ್ಬರಿಸಿ ಥಟ್ಟನೆ ಮೌನಕ್ಕೆ ಬೀಳುತ್ತದೆ. ಆ ಮೌನಕ್ಕೆ ಕಿವಿ ಹೊಂದಿಕೊಳ್ಳುವಷ್ಟರಲ್ಲಿ ಕ್ರಿಸ್ ಪೆನ್ನಿಯ ಡ್ರಮ್ಮು ಬೇರೊಂದು ಅಳತೆಯನ್ನು ಹಿಡಿದು ಮೇಲೆ ಬೀಳುತ್ತದೆ. ಗಾಯಕನೋ ಹಾಡುವುದೇ ಇಲ್ಲ, ಕಿರುಚುತ್ತಾನೆ. ಬಾಸ್ ವಾದಕ ಆಡಮ್ ಡಾಲ್ ಅಪಘಾತದಲ್ಲಿ ಗಾಯಗೊಂಡುದರಿಂದ ಗಿಟಾರಿನ ಬೆನ್ ವೈನ್‌ಮನ್ನನೇ ಬಾಸನ್ನೂ ನುಡಿಸಬೇಕಾಯಿತು. ಎರಡು ವಾದ್ಯಗಳೂ ಒಂದೇ ಮೈಯಾಗಿ ಚಲಿಸುವುದಕ್ಕೆ ಅದೂ ಕಾರಣವಿದ್ದೀತು.

ಪ್ರಥಮ ಶ್ರವಣದಲ್ಲಿ ಇದು ಅರಾಜಕತೆಯೆಂದೇ ತೋರುತ್ತದೆ. ಆದರೆ ಸಾಧಾರಣ ರಾಕ್ ಸಂಗೀತ ಆದಿಯಿಂದ ಅಂತ್ಯದವರೆಗೆ ನಾಲ್ಕರ ಎಣಿಕೆಯನ್ನು ಬಿಡದಿರುವಲ್ಲಿ, ಇದು ಐದಕ್ಕೂ ಏಳಕ್ಕೂ ಹನ್ನೊಂದಕ್ಕೂ ನೆಗೆಯುತ್ತದೆಂಬುದನ್ನು, ಮಿಶ್ರಚಾಪು ಖಂಡಚಾಪುಗಳಿಗೆ ತೊಡೆಯ ಮೇಲೆ ತಾಳ ಹಾಕಿ ಅಭ್ಯಾಸವಿರುವ ನಮ್ಮ ಶ್ರೋತೃಗಳು ಬೇಗ ಗುರುತಿಸಬಲ್ಲರು. ಲಯದ ಗಣಿತ ಈ ಊರಿಗೆ ಹೊಸದೂ ಅಲ್ಲ: ಟಿ.ಎ.ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ತಾಳವಾದ್ಯ ಕಾಲೇಜು ಪಾಶ್ಚಾತ್ಯ ಜಾಝ್ ವಾದಕರೊಡನೆ ಕಲೆತು ನುಡಿಸಿತು; ಮೃದಂಗವಿದ್ವಾನ್ ಬಿ.ಸಿ. ಮಂಜುನಾಥರು ಫಿಬೊನಾಚಿ ಸಂಖ್ಯಾಶ್ರೇಣಿಯನ್ನೇ ಬಾಯಿಜತಿಗಳ ಕೊನ್ನಕ್ಕೋಲಿನಲ್ಲಿ ನುಡಿದು ಲೋಕದ ಗಮನ ಸೆಳೆದರು.

ಹೀಗೆಂದು ಮ್ಯಾತ್‌ಕೋರನ್ನು ನಮ್ಮ ತನಿ ಆವರ್ತನದ ದಾಯಾದಿಯೆಂದು ಹೆಮ್ಮೆಯಿಂದ ಅಪ್ಪಿಕೊಳ್ಳುವವರ ಮಾತನ್ನು ನಾನೊಪ್ಪೆ. ಮೃದಂಗದವನು ಎಷ್ಟೇ ದೂರ ಅಲೆದರೂ ತಾಳ ಕದಲುವುದಿಲ್ಲ. ಮುಕ್ತಾಯದ ಮೋರಾ ಮುಗಿದು ಎಲ್ಲರೂ ಹಾಡು ತೊಡಗುವ ಎಡುಪಿನಲ್ಲಿ ಸೇರಿದಾಗ ಸಭೆಯ ತಲೆಗಳು ಒಟ್ಟಾಗಿ ತೂಗುತ್ತವೆ. ಸ್ವೀಡನ್ನಿನ ಮೆಶುಗ್ಗಾ ತಂಡದ ರೀತಿ ಇದಕ್ಕೆ ಹತ್ತಿರವೆನ್ನಬಹುದು: ಅಲ್ಲಿ ನಾಲ್ಕರ ಎಣಿಕೆ ಸ್ಥಿರವಾಗಿ ನಿಂತಿರುತ್ತದೆ, ಗಿಟಾರು ಮಾತ್ರ ವಿಷಮ ಸಂಖ್ಯೆಗಳಲ್ಲಿ ಸುತ್ತಿ ಕೊನೆಗೆ ಬಂದು ಕೂಡಿಕೊಳ್ಳುತ್ತದೆ. ಡಿಲಿಂಜರ್ ತಂಡ ಬದಲಾಯಿಸುವುದು ತಾಳವನ್ನೇ. ಶ್ರೋತೃವಿಗೆ ಮರಳುವ ನೆಲೆಯನ್ನು ಉಳಿಸದಿರುವುದೇ ಅದರ ಉದ್ದೇಶ. ಎಣಿಕೆ ಇಲ್ಲಿರುವುದು ಸೌಖ್ಯಕ್ಕಾಗಿ ಅಲ್ಲ, ಭಯವನ್ನು ನಿಖರಗೊಳಿಸುವುದಕ್ಕಾಗಿ.

ಆದುದರಿಂದ ಆಲ್ಬಮ್ ಎಷ್ಟು ಗದ್ದಲದ್ದು, ಬೆರಳುಗಳು ಎಷ್ಟು ವೇಗವಾಗಿ ಓಡುತ್ತವೆ ಎಂಬ ಪ್ರಶ್ನೆಗಳು ವ್ಯರ್ಥ. ಒಡೆದ ಪ್ರತಿಯೊಂದು ತುಂಡೂ ಆ ಜಾಗದಲ್ಲಿಯೇ ಒಡೆಯಬೇಕಾಗಿತ್ತೆಂದು ಅನ್ನಿಸುತ್ತದೆಯೇ ಎಂಬುದೊಂದೇ ಪರೀಕ್ಷೆ. ‘ಕ್ಯಾಲ್ಕ್ಯುಲೇಟಿಂಗ್ ಇನ್‌ಫಿನಿಟಿ’ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ; ನಡುನಡುವಿನ ಮಾತಿಲ್ಲದ ಕಿರುಖಂಡಗಳು ಉಸಿರಿಗೆ ಎಡೆಗೊಟ್ಟು ಮುಂದಿನ ಪ್ರಹಾರವನ್ನು ತೀವ್ರಗೊಳಿಸುತ್ತವೆ. ಕ್ರೋಧವೊಂದನ್ನುಳಿದು ಬೇರೆ ಭಾವಕ್ಕೆ ಆ ಕಂಠದಲ್ಲಿ ಅವಕಾಶವಿಲ್ಲದಿರುವುದು ಮಾತ್ರ ನಿಜವಾದ ನ್ಯೂನತೆ. ಅದನ್ನು ಅನುಕರಿಸಿ ಬಂದ ಅನೇಕ ಆಲ್ಬಮ್ಮುಗಳು ವೇಗವನ್ನು ಕಲಿತು ಮೌನವನ್ನು ಕಲಿಯದೆ ಸೋತಿವೆ.

2017ರ ಕೊನೆಯಲ್ಲಿ ವಿಸರ್ಜನೆಗೊಂಡಿದ್ದ ಡಿಲಿಂಜರ್ ತಂಡ 2024ರಲ್ಲಿ ಮೊದಲಿನ ಗಾಯಕ ದಿಮಿತ್ರಿ ಮಿನಕಾಕಿಸನೊಡನೆ ಮತ್ತೆ ವೇದಿಕೆಗೆ ಬಂದಿತು. ಕುತೂಹಲವುಳ್ಳ ಓದುಗರು ಧ್ವನಿಯನ್ನು ತಗ್ಗಿಸಿಟ್ಟುಕೊಂಡು, ಕಿರುಚಾಟವನ್ನು ಸದ್ಯಕ್ಕೆ ಬದಿಗಿರಿಸಿ, ಡ್ರಮ್ಮೊಂದನ್ನೇ ಹಿಂಬಾಲಿಸಿ ‘43% ಬರ್ನ್ಟ್’ ಎಂಬ ಖಂಡವನ್ನು ಮೊದಲು ಕೇಳಲಿ.